ಕೊಡಗಿನ ಮಳೆಗೆ ಸೆನ್ಸರ್ ಪೆಟ್ಟಿಗೆ: ಮೂರರಲ್ಲಿ ಯಾವುದು?

ಚಾಲಕನಿಲ್ಲದ ವಾಹನದ ಕ್ಯಾಮೆರಾ, ಲೈಡಾರ್‌ಗಳಿಗೆ (ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಸೆನ್ಸರ್) ಪೆಟ್ಟಿಗೆ ಹುಡುಕುವವರೆಲ್ಲ ಮೊದಲು ಕೇಳುವುದು ನೀರು ಒಳಗೆ ನುಗ್ಗುತ್ತದೆಯೇ ಎಂದು. ನಾಪೋಕ್ಲು ಕಡೆಯ ಕಾಫಿ ತೋಟದಲ್ಲಿ ಗೆಳೆಯರು ಸೇರಿ ಓಡಿಸುತ್ತಿರುವ ಬ್ಯಾಟರಿ ಗಾಡಿಗೆ ಮೂರು ಬಗೆಯ ಪೆಟ್ಟಿಗೆ ಕೂರಿಸಿ ನೋಡಿದ ಮೇಲೆ ನಾನು ಕೇಳುವುದು ಬೇರೆ: ಒಳಗೆ ಸೇರಿದ ತೇವ ಹೊರಗೆ ಹೋಗುತ್ತದೆಯೇ?

ಮೊದಲನೆಯದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಾಲಿಕಾರ್ಬನೇಟ್ ಪೆಟ್ಟಿಗೆ. ಅಗ್ಗ, ಹಗುರ, ಮೇಲೆ ಧೂಳು-ನೀರು ತಡೆಯುವ ದರ್ಜೆಯ ಐಪಿ67 ಮುದ್ರೆ. ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆಯಲ್ಲೂ ಒಂದು ಹನಿ ಒಳಗಿಳಿಯಲಿಲ್ಲ. ಆದರೂ ಕ್ಯಾಮೆರಾಕ್ಕೆ ಕಂಡದ್ದು ಬರೀ ಮಂಜು. ಓಡುವಾಗ ಸೆನ್ಸರ್‌ಗಳ ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ತಣ್ಣನೆಯ ಮಳೆ ಬಿದ್ದೊಡನೆ ಕುಗ್ಗುತ್ತದೆ. ಆಗ ಒಳಗಿನ ಒತ್ತಡ ಇಳಿದು, ರಬ್ಬರ್ ಪಟ್ಟಿಯ ಸಂದಿನಿಂದಲೂ ತಂತಿಯ ಎಳೆಗಳ ನಡುವಿನಿಂದಲೂ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ತೇವ ಕ್ಯಾಮೆರಾದ ಮುಂದಿನ ಕಿಟಕಿಯ ಒಳಮೈ ಮೇಲೆ ಹನಿಗಟ್ಟುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇದನ್ನು ಮುಂದೂಡುತ್ತದೆ, ಅಷ್ಟೇ.

ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ಶಾಖವನ್ನು ಚೆನ್ನಾಗಿ ಹೊರಹಾಕುತ್ತದೆ. ಮಾರ್ಚ್ ಬಿಸಿಲಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಲೋಹದೊಳಗೆ ಜಿಪಿಎಸ್ ಕುರುಡು. ಆಂಟೆನಾ ಹೊರಗಿಡಬೇಕು, ಅದಕ್ಕೆ ಇನ್ನೊಂದು ತೂತು ಕೊರೆಯಬೇಕು. 77 ಗಿಗಾಹರ್ಟ್ಸ್ ರೇಡಾರ್ ಇದ್ದರಂತೂ ಅದರ ಮುಂದೆ ಹೇಗೂ ಪ್ಲಾಸ್ಟಿಕ್ ಮುಖವೇ ಬೇಕು. ತೋಟದ ಗುಂಡಿಗಳಲ್ಲಿ ಅದರ ತೂಕಕ್ಕೆ ಹಿಡಿಕೆಯ ಬೋಲ್ಟ್‌ಗಳು ಸಡಿಲವಾಗುತ್ತವೆ.

ಮೂರನೆಯದು ತ್ರಿಡಿ ಮುದ್ರಣದ್ದು. ಮುದ್ರಣಕ್ಕೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಬೇಡವೇ ಬೇಡ: 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಕುಶಾಲನಗರದ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ನೆತ್ತಿಗೆ ಅದು ಸಲ್ಲದು. ಎಎಸ್‌ಎ ಎಂಬ ಇನ್ನೊಂದು ಪ್ಲಾಸ್ಟಿಕ್ 100 ಡಿಗ್ರಿ ಸಮೀಪದವರೆಗೂ ಬಾಗದು, ಬಿಸಿಲಿಗೆ ಬೇಗ ಪುಡಿಯಾಗದು. ಮುದ್ರಿಸುವಾಗ ಮೂಲೆಗಳು ಮೇಲೆದ್ದು ಕಾಡುತ್ತವೆ. ಪದರಗಳ ನಡುವೆ ನೀರು ಜಿನುಗದಿರಲು ಅಸಿಟೋನ್ ಹಚ್ಚಿ ಮೈ ನುಣುಪು ಮಾಡಬೇಕು. ಇಷ್ಟೆಲ್ಲ ರಗಳೆ ಇದ್ದರೂ ನನ್ನ ಆಯ್ಕೆ ಇದೇ, ಏಕೆಂದರೆ ಆಕಾರ ನಮ್ಮ ಕೈಯಲ್ಲಿದೆ. ಕಿಟಕಿಯ ಮೇಲೆ ಚಜ್ಜಾ ಬಂತು. ಲೈಡಾರ್‌ನ ಬೆಳಕು ನೇರವಾಗಿ ಹಿಂದಕ್ಕೆ ಪ್ರತಿಫಲಿಸದಂತೆ ಕಿಟಕಿಯನ್ನು ಓರೆಯಾಗಿ ಕೂರಿಸಲು ಸಾಧ್ಯವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ತಳದಲ್ಲಿ ಪಿಟಿಎಫ್‌ಇ (ಟೆಫ್ಲಾನ್) ಪೊರೆಗೆ ಜಾಗ ಸಿಕ್ಕಿತು. ಈ ಪೊರೆ ಗಾಳಿಯನ್ನೂ ಆವಿಯನ್ನೂ ಬಿಡುತ್ತದೆ, ನೀರಹನಿಯನ್ನು ತಡೆಯುತ್ತದೆ. ಒತ್ತಡ ಸಮವಾಗುವುದರಿಂದ ಸಂದುಗಳಿಂದ ಎಳೆದುಕೊಳ್ಳುವ ಪ್ರಮೇಯವೇ ಇಲ್ಲ. ಮುದ್ರಣದ ಸೌಕರ್ಯ ಇಲ್ಲದವರು ಪಾಲಿಕಾರ್ಬನೇಟ್ ಪೆಟ್ಟಿಗೆಗೇ ಇಂಥ ಪೊರೆಯ ಬಿರಡೆ ಹಾಕಿಸಿಕೊಳ್ಳಲಿ. ಮುಕ್ಕಾಲು ಪಾಲು ತೊಂದರೆ ತೀರುತ್ತದೆ.

ಐಪಿ67 ಅಂದರೆ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ ಎಂದಷ್ಟೇ. ರಭಸದ ಪೈಪಿನ ನೀರಿಗೆ ಅದು ಖಾತರಿಯಲ್ಲ. ಕೆಸರು ಮೆತ್ತಿದ ಗಾಡಿಯನ್ನು ಸ್ಪ್ರೇ ಪಂಪಿನಿಂದ ತೊಳೆಯುವ ತೋಟದ ಅಣ್ಣನಿಗೆ ಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಒರೆಸಲು ಹೇಳಿದ್ದೇವೆ.