ತೊಳೆದು ತೊಳೆದು ಒಡೆದ ಕೈಗೆ ಯಾವುದು ವಾಸಿ?

ಓಸಿಡಿ, ಅಂದರೆ ಬೇಡವೆಂದರೂ ಬರುವ ಭಯಕ್ಕೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಮನಸ್ಸಿನ ಕಾಯಿಲೆ, ಇರುವವರು ಕೈಗೆ ಹಚ್ಚುವ ಕ್ರೀಮು ಆರಿಸುವ ಲೆಕ್ಕವೇ ಬೇರೆ. ಉಳಿದವರು ಚರ್ಮ ಮೆತ್ತಗಾಯಿತಾ ಅಂತ ನೋಡಿದರೆ ಸಾಕು. ನಾವು ಇನ್ನೊಂದು ನೋಡಬೇಕು: ಹಚ್ಚಿದ ಮೇಲೆ ಮತ್ತೆ ತೊಳೆಯಬೇಕು ಅನಿಸುತ್ತದಾ? ಅನಿಸಿದರೆ ಎಂಥ ದುಬಾರಿ ಕ್ರೀಮೂ ನಲ್ಲಿ ನೀರಿನ ಪಾಲು. ನಾನು ಡೊಂಬಿವಲಿಯಿಂದ ದಿನಾ ಮುಂಬೈ ಲೋಕಲ್ ರೈಲಿನಲ್ಲಿ ಓಡಾಡುವ ಪ್ರಾಣಿ. ಏನು ಮುಟ್ಟಿದರೂ ಕೊಳೆ ಅಂಟಿತು ಅನ್ನುವ ಭಯಕ್ಕೆ ಚಿಕಿತ್ಸೆ ನಡೆಯುತ್ತಿದೆ. ಓಸಿಡಿಗೆ ಕೊಡುವ ಮಾತ್ರೆ ಸರಿಯಾಗಿ ಕೆಲಸ ತೋರಿಸಲು 8ರಿಂದ 12 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕೈ ಉಳಿಯಬೇಕಲ್ವಾ?

ಮೊದಲು ಸೋಪು. ನಮ್ಮ ಚರ್ಮದ ಪಿಎಚ್ ಸುಮಾರು 5, ಅಂದರೆ ಸ್ವಲ್ಪ ಹುಳಿಯ ಕಡೆಗೆ. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರದ ಕಡೆಗೆ. ಒಂದೊಂದು ಸಲ ತೊಳೆದಾಗಲೂ ಚರ್ಮದ ಎಣ್ಣೆ ಅಂಶ ಹೋಗುತ್ತದೆ. ಅದು ಮತ್ತೆ ಕೂಡಿಕೊಳ್ಳಲು ಗಂಟೆಗಟ್ಟಲೆ ಬೇಕು, ನಾವು ಅಷ್ಟು ಹೊತ್ತು ಬಿಡುವುದೇ ಇಲ್ಲ. ಪಿಎಚ್ 5.5ರ ಆಸುಪಾಸಿನ, ವಾಸನೆ ಇಲ್ಲದ, ಸೋಪ್-ಫ್ರೀ ಕ್ಲೆನ್ಸರ್‌ಗೆ ಬದಲಾಯಿಸಿದ್ದರಿಂದ ನನ್ನ ಉರಿ ಅರ್ಧ ಇಳಿಯಿತು. ತೊಂದರೆ ಒಂದೇ, ನೊರೆ ಕಡಿಮೆ. ನೊರೆ ಬಾರದಿದ್ದರೆ ಕೊಳೆ ಹೋಗಿಲ್ಲ ಅಂತ ತಲೆ ತಕರಾರು ಎತ್ತುತ್ತದೆ. ಥೆರಪಿಸ್ಟ್ ನಕ್ಕು, 'ಒಳ್ಳೆಯದೇ ಆಯಿತು, ಅದೂ ಒಂದು ಅಭ್ಯಾಸ' ಅಂದರು. ಗೀಸರ್ ನೀರು ಮಾತ್ರ ಬೇಡವೇ ಬೇಡ. ಬಿಸಿನೀರು ಎಣ್ಣೆ ಅಂಶವನ್ನು ಇನ್ನೂ ಜಾಸ್ತಿ ಎಳೆಯುತ್ತದೆ.

ಇನ್ನು ಹಚ್ಚುವುದು. ಚರ್ಮದ ತೇವ ಹಿಡಿದಿಡುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಕಷ್ಟ. ಅಗ್ಗ, ಬಿರುಕಿಗೆ ಹಚ್ಚಿದರೂ ಉರಿಯುವುದಿಲ್ಲ. ಆದರೆ ಜೂನ್ ತಿಂಗಳ ಮುಂಬೈಯಲ್ಲಿ ಅದನ್ನು ಹಚ್ಚಿಕೊಂಡು ಹೊರಡಿ ನೋಡಿ! ಠಾಣೆಯಲ್ಲಿ ಜನ ನುಗ್ಗಿದಾಗ ಮೇಲಿನ ಹಿಡಿಕೆ ಹಿಡಿಯಲೇಬೇಕು. ಆಗ ಅಲ್ಲಿರುವುದೆಲ್ಲ ಜಿಡ್ಡಿಗೆ ಮೆತ್ತಿಕೊಂಡು ನನ್ನ ಜೊತೆ ಆಫೀಸಿಗೆ ಬಂದಂತೆ ಅನಿಸುತ್ತದೆ. ಇಳಿದ ಕೂಡಲೇ ನಲ್ಲಿ ಹುಡುಕುತ್ತೇನೆ. ಡಬ್ಬಿಯದು ಇನ್ನೊಂದು ರಗಳೆ. ಬೆರಳು ಅದ್ದಿದ ಡಬ್ಬಿ ಗಲೀಜಾಯಿತು ಅಂತ ಅರ್ಧಕ್ಕೇ ಎಸೆಯುವ ಆಸೆ. ಟ್ಯೂಬಿನಲ್ಲಿ ಬರುವುದು ತಗೊಂಡರೆ ಆ ಕಾಟ ಇಲ್ಲ. ರಾತ್ರಿಗೆ ಮಾತ್ರ ಇದೇ ರಾಜ. ಕೈ ಒದ್ದೆ ಇರುವಾಗಲೇ ಹಚ್ಚಿ, ತೆಳು ಹತ್ತಿಯ ಕೈಗವಸು ಹಾಕಿ ಮಲಗಿದರೆ ಬೆಳಿಗ್ಗೆ ಗೆಣ್ಣಿನ ಮೇಲಿನ ಕೆಂಪು ತಗ್ಗಿರುತ್ತದೆ.

ಜೆಲ್ಲಿಗೆ ನಿಜವಾದ ಎದುರಾಳಿ ನಮ್ಮ ಮುರುಗಲ ತುಪ್ಪ, ಅಂದರೆ ಮುರುಗಲ (ಕೋಕಮ್) ಬೀಜದಿಂದ ತೆಗೆದ ಗಟ್ಟಿ ಎಣ್ಣೆ. ದಾದರಿನ ಕೊಂಕಣಿ ಸಾಮಾನಿನ ಅಂಗಡಿಗಳಲ್ಲಿ ಕೋಕಮ್ ಎಣ್ಣೆ ಅಂತ ಕೇಳಿದರೆ ಗಟ್ಟಿ ಉಂಡೆ ಕೊಡುತ್ತಾರೆ. ಚಮಚದಲ್ಲಿ ಒಂದು ಚೂರು ಹಾಕಿ ಸಣ್ಣ ಉರಿಗೆ ಹಿಡಿದರೆ ಕರಗುತ್ತದೆ. ಬೆಚ್ಚಗಿರುವಾಗ ಬಿರುಕಿನೊಳಗೆ ಬಿಟ್ಟರೆ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ಜೆಲ್ಲಿಯಷ್ಟು ಜಾರುವುದಿಲ್ಲ. ಹೆಬ್ಬೆರಳಿನ ತುದಿ ಸೀಳಿದ್ದಕ್ಕೆ ನನಗೆ ಇದರಷ್ಟು ಹಿಡಿಸಿದ್ದು ಬೇರೆ ಇಲ್ಲ. ತಮಾಷೆ ಏನೆಂದರೆ, ಅಂಗಡಿಯ ಉಂಡೆ ಕಂಡರೆ 'ಯಾರ ಕೈಯಲ್ಲಿ ಮಾಡಿದ್ದೋ' ಅನ್ನುವ ಅನುಮಾನ. ಶಿರಸಿಯಿಂದ ಆಯಿ ಹಳೇ ಪೇಪರಿನಲ್ಲಿ ಸುತ್ತಿ ಕಳಿಸಿದ್ದಕ್ಕೆ ಅದೇ ತಲೆ ಚಕಾರ ಎತ್ತುವುದಿಲ್ಲ! ಈ ಕಾಯಿಲೆಗೂ ಕ್ರಿಮಿಗೂ ಇರುವ ಸಂಬಂಧ ಇಷ್ಟೇ. ದಿನಕ್ಕೆ ನಾಲ್ಕು ಸಲ ಕರಗಿಸುತ್ತಾ ಕೂರಲು ಆಗದು ಅನ್ನುವುದೊಂದೇ ಇದರ ಕೊರತೆ.

ತೆಂಗಿನೆಣ್ಣೆ ಪರವಾಗಿಲ್ಲ, ಆದರೆ ಕೈಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯೂರಿಯಾ ಇರುವ ಕ್ರೀಮು ದಪ್ಪಗಟ್ಟಿದ ಚರ್ಮಕ್ಕೆ ಒಳ್ಳೆಯದು, ಬಾಯಿಬಿಟ್ಟ ಬಿರುಕಿಗೆ ಹಚ್ಚಿದರೆ ಕಣ್ಣಲ್ಲಿ ನೀರು.

ಹಗಲಿಗೆ ಗೆದ್ದದ್ದು ಗ್ಲಿಸರಿನ್ ಮತ್ತು ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇರುವ, ವಾಸನೆ ಇಲ್ಲದ ಟ್ಯೂಬ್ ಕ್ರೀಮು. ಜೆಲ್ಲಿಯಷ್ಟು ಶಕ್ತಿ ಇದಕ್ಕಿಲ್ಲ, ಬೆಲೆಯೂ ಜಾಸ್ತಿ. ಆದರೆ ಬೇಗ ಇಂಗುತ್ತದೆ, ಕೈ ಒಣಗಿದಂತಿರುತ್ತದೆ, ಹಿಡಿಕೆ ಹಿಡಿಯಬಹುದು, ಕೀಬೋರ್ಡ್ ಮುಟ್ಟಬಹುದು. ತೊಳೆಯದೆ ಉಳಿಯುವ ಸಾಧಾರಣ ಕ್ರೀಮು, ತೊಳೆದು ಹೋಗುವ ಉತ್ತಮ ಕ್ರೀಮಿಗಿಂತ ನನಗೆ ಮೇಲು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಬದಿಗೆ ಅಷ್ಟು ಸಾಕು. ಒಂದು ಎಚ್ಚರ: ತೊಳೆದೆ, ಹಚ್ಚಿದೆ, ಈಗ ಸರಿಯಾಯಿತು ಅಂತ ಅದೇ ಹೊಸ ಆಚರಣೆ ಆಗಿಬಿಡಬಹುದು. ಅದಕ್ಕೇ ಥೆರಪಿಸ್ಟ್ ನನಗೆ ಕ್ರೀಮಿಗೆ ಹೊತ್ತು ಗೊತ್ತು ಮಾಡಿಸಿದ್ದಾರೆ. ಭಯ ಬಂದಾಗ ಅಲ್ಲ, ಗಡಿಯಾರ ನೋಡಿ.

ಸ್ಯಾನಿಟೈಸರ್ ಬಗ್ಗೆ ತುಂಬ ಜನ ಕೇಳುತ್ತಾರೆ. ಆರೋಗ್ಯವಾಗಿರುವ ಕೈಗೆ ಅದು ಸೋಪಿಗಿಂತ ಮೃದುವೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ 1.45 ಶೇಕಡಾ ಗ್ಲಿಸರಾಲ್ ಇದೆ. ಆದರೆ ಒಡೆದ ಕೈಗೆ ಬೆಂಕಿ. ಅದಕ್ಕಿಂತ ಜಾಸ್ತಿ, ಜೇಬಿನಲ್ಲೇ ಬಾಟಲಿ ಇದ್ದರೆ ಭಯವನ್ನು ತಡೆದುಕೊಳ್ಳುವ ಅಭ್ಯಾಸ ಆಗುವುದೆಲ್ಲಿ? ಮುಟ್ಟಿ, ತೊಳೆಯದೆ ಕೂತು, ತಳಮಳ ತಾನಾಗಿಯೇ ಇಳಿಯುವವರೆಗೆ ಕಾಯುವುದು ಅಲ್ವಾ ನಮ್ಮ ಚಿಕಿತ್ಸೆ? ಹಾಗಾಗಿ ನನ್ನ ಬ್ಯಾಗಿನಲ್ಲಿ ಅದಿಲ್ಲ. ರಬ್ಬರ್ ಕೈಗವಸಿನದೂ ಇದೇ ಕಥೆ. ಪಾತ್ರೆ ತೊಳೆಯುವಾಗ, ಒಳಗೆ ಹತ್ತಿಯದು ಹಾಕಿಕೊಂಡು, ಸರಿ. ಬಾಗಿಲು ತೆಗೆಯಲು ಹಾಕಿದರೆ ಕಾಯಿಲೆಗೆ ಸುಮ್ನೆ ಊಟ ಬಡಿಸಿದಂತೆ.

ಮೆಡಿಕಲ್ ಶಾಪಿನಲ್ಲಿ ಕೈ ತೋರಿಸಿದ ತಕ್ಷಣ ಕೊಡುವ ಸ್ಟೀರಾಯ್ಡ್ ಮಿಶ್ರಣದ ಟ್ಯೂಬನ್ನು ನಾನು ಹೋಲಿಕೆಗೇ ತಂದಿಲ್ಲ. ಡಾಕ್ಟರ್ ಹೇಳದೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಬಿರುಕು ಜಿನುಗಿದರೆ, ಕೀವು ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ ಅಂತ ನೀವಾಗಿಯೇ ಹೇಳಿ. ಹೇಳದಿದ್ದರೆ ಬರೀ ಮುಲಾಮು ಬರೆದು ಕಳಿಸುತ್ತಾರೆ. ಮನಸ್ಸಿನ ಡಾಕ್ಟರ ಹತ್ತಿರ ಹೋಗಲು ಇನ್ನೂ ಹಿಂಜರಿಕೆ ಇದ್ದರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರ್ 14416, ದುಡ್ಡಿಲ್ಲ, ಕನ್ನಡ ಆರಿಸಿಕೊಳ್ಳಬಹುದು.