ಸೇನೆಯಿಂದ ಕಂಪನಿ ಉದ್ಯೋಗಕ್ಕೆ: ಮಡಿಕೇರಿಯಲ್ಲಿ ನಡೆದ ಒಂದು ತರಬೇತಿಯ ವಿಮರ್ಶೆ

ಸೇನೆಯಿಂದ ನಿವೃತ್ತರಾಗುವವರನ್ನು ಖಾಸಗಿ ಕಂಪನಿಗಳ ಉದ್ಯೋಗಕ್ಕೆ ಸಿದ್ಧಪಡಿಸುವ ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ಕಳೆದ ಮಳೆಗಾಲದಲ್ಲಿ ಕೊಡಗಿನವರಿಗಾಗಿಯೇ ಒಂದು ತಂಡವನ್ನು ಸೇರಿಸಿಕೊಂಡಿತ್ತು. ಸಂಜೆ ಆನ್‌ಲೈನ್ ಪಾಠ, ವಾರಾಂತ್ಯದಲ್ಲಿ ಮಡಿಕೇರಿಯಲ್ಲಿ ಅಭ್ಯಾಸ, ಕೊನೆಗೆ ಕಂಪನಿಗಳಿಗೆ ಶಿಫಾರಸು, ಇದು ಅವರ ಕ್ರಮ. ಶುಲ್ಕವು ಹವಾಲ್ದಾರರೊಬ್ಬರ ಒಂದು ತಿಂಗಳ ಪಿಂಚಣಿಗೆ ಹತ್ತಿರವಿದೆ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಿಂದ ಸುಬೇದಾರನಾಗಿ ಹೊರಬಂದ ನಾನು ಈ ತರಬೇತಿಯನ್ನು ಪೂರ್ತಿಯಾಗಿ ಪಡೆದಿದ್ದೇನೆ. ನಿವೃತ್ತಿಯ ಹೊಸ್ತಿಲಲ್ಲಿರುವ ನಮ್ಮ ಜಿಲ್ಲೆಯವರು ಇದರಲ್ಲಿ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕೆನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇಡೀ ತರಬೇತಿಯಲ್ಲಿ ಅತ್ಯುತ್ತಮವಾದದ್ದು ಅಣಕು ಸಂದರ್ಶನ. ಪ್ರತಿಯೊಬ್ಬರನ್ನೂ ಬೇರೆ ಕೋಣೆಗೆ ಕರೆದು, ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡಿ ಅನುಭವವಿದ್ದವರೇ ಪ್ರಶ್ನೆ ಕೇಳಿದರು, ಆಮೇಲೆ ಅದರ ವಿಡಿಯೋ ತೋರಿಸಿ ತಿದ್ದಿದರು. ನಮ್ಮಲ್ಲಿ ಹಲವರಿಗಿದ್ದ ದೊಡ್ಡ ತೊಡಕೆಂದರೆ, ಸೇವೆಯ ಬಗ್ಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯ ನಂತರವೂ ನಮ್ಮನ್ನು ಬಿಡುವುದಿಲ್ಲ. ಆ ಭಯದಿಂದ ಬಹಳ ಮಂದಿ ‘ಗಡಿಯಲ್ಲಿ ಡ್ಯೂಟಿ ಮಾಡಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಘಟಕದ ನೆಲೆ, ಉಪಕರಣದ ಹೆಸರು, ಕಾರ್ಯಾಚರಣೆ ಇವುಗಳನ್ನು ಮುಟ್ಟದೆ, ಎಷ್ಟು ಜನರ ಪಾಳಿ ಹಂಚಿದ್ದೀರಿ, ಎಷ್ಟು ವಾಹನಗಳ ದುರಸ್ತಿ ಲೆಕ್ಕ ಇಟ್ಟಿದ್ದೀರಿ, ದಾಸ್ತಾನು ತಪಾಸಣೆಯಲ್ಲಿ ಏನು ಹೊಣೆ ಹೊತ್ತಿದ್ದೀರಿ ಎಂಬುದನ್ನು ಹೇಗೆ ಮುಂದಿಡಬೇಕೆಂದು ಆ ತರಬೇತುದಾರರು ತಾಳ್ಮೆಯಿಂದ ಕಲಿಸಿದರು. ‘ಸಾರ್, ಮೂವತ್ತು ಜನರ ಊಟ, ವಸತಿ, ರಜೆ, ಶಿಸ್ತು ಎಲ್ಲವನ್ನೂ ನೋಡಿಕೊಂಡವರು ನೀವು, ಕಂಪನಿಯಲ್ಲಿ ಅದಕ್ಕೆ ನಾಲ್ಕು ಜನ ಬೇಕಾಗುತ್ತದೆ’ ಎಂದು ಒಬ್ಬರು ಹೇಳಿದಾಗ, ವಿರಾಜಪೇಟೆ ಕಡೆಯ, ನಾಯಕ್ ಶ್ರೇಣಿಯ ಒಬ್ಬರು ಮೊದಲ ಬಾರಿಗೆ ನೆಟ್ಟಗೆ ಕುಳಿತು ತಮ್ಮ ಕೆಲಸವನ್ನು ವಿವರಿಸಿದರು. ಇಂಥ ತಿದ್ದುವಿಕೆ ಪುಸ್ತಕದಿಂದ ಸಿಗುವಂಥದ್ದಲ್ಲ.

ಸಂಬಳದ ಪಾಠವೂ ಅಷ್ಟೇ ಬೆಲೆಯುಳ್ಳದ್ದು. ಕಂಪನಿಯವರು ಹೇಳುವ ಸಿಟಿಸಿ, ಅಂದರೆ ಒಬ್ಬ ಉದ್ಯೋಗಿಗಾಗಿ ಅವರು ಮಾಡುವ ಒಟ್ಟು ವೆಚ್ಚದ ಮೊತ್ತದಲ್ಲಿ ಮಾಲೀಕರ ಪಾಲಿನ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ಸೇರಿರುವುದರಿಂದ, ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ ಎಂಬುದು ಸೇನೆಯ ಪೇ ಸ್ಲಿಪ್ ಮಾತ್ರ ನೋಡಿದವರಿಗೆ ಹೊಸ ವಿಷಯ. ‘ನಿಮಗೆ ಹೇಗೂ ಪಿಂಚಣಿ ಇದೆಯಲ್ಲ’ ಎಂದು ಸಂಬಳ ಇಳಿಸುವ ರೂಢಿಗೂ ಅವರು ಸರಿಯಾದ ಉತ್ತರ ಕಲಿಸಿದರು. ಪಿಂಚಣಿ ಎಂಬುದು ಮುಗಿದ ಸೇವೆಯ ಗಳಿಕೆ, ಹೊಸ ಕೆಲಸದ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಮೂಲ ಪಿಂಚಣಿಯ ಶೇ. 50ರವರೆಗೆ ಕಮ್ಯುಟೇಷನ್ ಮಾಡಿಸಿಕೊಂಡವರಿಗೆ, ಅಂದರೆ ಆ ಭಾಗವನ್ನು ಬಿಟ್ಟುಕೊಟ್ಟು ಒಟ್ಟಿಗೆ ಹಣ ಪಡೆದವರಿಗೆ, ಆ ಭಾಗ ಮರಳಿ ಬರುವುದು 15 ವರ್ಷಗಳ ನಂತರ. ಮಕ್ಕಳ ಓದು, ಮನೆ ಕಟ್ಟುವ ಕೆಲಸ ಎರಡೂ ಬರುವುದು ಅದೇ ವರ್ಷಗಳಲ್ಲಿ ಎಂಬುದನ್ನು ಸಂಬಳ ಒಪ್ಪುವ ಮೊದಲು ಲೆಕ್ಕ ಹಾಕಬೇಕು.

ಉಳಿದ ಭಾಗ ನಿರಾಶೆ ತಂದಿತು. ರೆಸ್ಯೂಮೆ ಎಲ್ಲರಿಗೂ ಒಂದೇ ಅಚ್ಚಿನದು: ಚಾಲಕರದ್ದಕ್ಕೂ ಗುಮಾಸ್ತರದ್ದಕ್ಕೂ ಹೆಸರು ಬಿಟ್ಟರೆ ವ್ಯತ್ಯಾಸ ಕಡಿಮೆ. ಜುಲೈನಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳವರಿಗೆ ಸಂಜೆ ನೇರ ಪಾಠ ಇಟ್ಟು, ತಪ್ಪಿಹೋದ ಪಾಠದ ರೆಕಾರ್ಡಿಂಗ್ ಕೊಡದಿದ್ದದ್ದು ಸರಿಯಲ್ಲ. ಪಿಎಂಪಿ ಎಂಬ ಯೋಜನಾ ನಿರ್ವಹಣೆಯ ಪ್ರಮಾಣಪತ್ರದ ಸಿದ್ಧತೆಗೆ ಪ್ರತ್ಯೇಕ ಹಣ ಕಟ್ಟುವಂತೆ ಎಲ್ಲರನ್ನೂ ಒತ್ತಾಯಿಸಿದರು. ಪದವಿ ಇಲ್ಲದವರು ಆ ಪರೀಕ್ಷೆಗೆ ಕೂರಬೇಕಾದರೆ 60 ತಿಂಗಳು ಯೋಜನೆಗಳನ್ನು ಮುನ್ನಡೆಸಿದ ಅನುಭವ ತೋರಿಸಬೇಕು ಎಂಬುದನ್ನು ಮೊದಲೇ ತಿಳಿಸಬೇಕಿತ್ತು. ಶಿಫಾರಸುಗಳಲ್ಲಿ ಹೆಚ್ಚಿನವು ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಗಳೇ ಆಗಿದ್ದವು. ಆ ಕೆಲಸದಲ್ಲಿ ಕೀಳೇನೂ ಇಲ್ಲ, ಆದರೆ ಅದಕ್ಕೆ ಇಷ್ಟು ಶುಲ್ಕದ ತರಬೇತಿ ಬೇಕಾಗಿಲ್ಲ.

ಇವರು ಹಣಕ್ಕೆ ಕೊಡುವುದರಲ್ಲಿ ಒಂದು ಭಾಗ ಸರ್ಕಾರದಿಂದಲೇ ದೊರೆಯುತ್ತದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು, ಅಂದರೆ ಡಿಜಿಆರ್, ನಿವೃತ್ತಿಗೆ ಮುಂಚಿನ ಅವಧಿಯಲ್ಲಿ ಜೆಸಿಒಗಳಿಗೆ (ಸುಬೇದಾರರಂಥ ಕಿರಿಯ ಅಧಿಕಾರಿಗಳಿಗೆ) ಮತ್ತು ಅವರ ಕೆಳಗಿನ ಶ್ರೇಣಿಯವರಿಗೆ ಉಚಿತವಾಗಿ ಕೋರ್ಸ್‌ಗಳನ್ನು ನಡೆಸುತ್ತದೆ. ಅವರಿಗಿಂತ ಮೇಲಿನ ಅಧಿಕಾರಿಗಳಾದರೆ ಶುಲ್ಕದ ಶೇ. 60ನ್ನು ಅದೇ ಭರಿಸುತ್ತದೆ, ಅವರಿಗೆ ಐಐಎಂಗಳಲ್ಲಿ 24 ವಾರಗಳ ಕೋರ್ಸ್‌ಗಳೂ ಇವೆ. ಗೋದಾಮು ನಿರ್ವಹಣೆ, ಕೈಗಾರಿಕಾ ಸುರಕ್ಷತೆಯಂಥ ವಿಷಯ ಕಲಿಯಲು ಇದು ಸರಿಯಾದ ದಾರಿ. ಘಟಕದ ಮೂಲಕವೇ ಅರ್ಜಿ ಹೋಗಬೇಕಾದ್ದರಿಂದ ಸಮವಸ್ತ್ರದಲ್ಲಿರುವಾಗಲೇ ಕೇಳಬೇಕು, ಊರಿಗೆ ಬಂದ ಮೇಲೆ ನೋಡೋಣ ಎಂದರೆ ಅವಕಾಶ ಬಹಳ ಕಿರಿದಾಗುತ್ತದೆ. ನಿವೃತ್ತಿಯ ನಂತರ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಉದ್ಯೋಗಕ್ಕೆ ಹೆಸರು ನೋಂದಾಯಿಸಬಹುದು.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದಾಗ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿ ಹೋದರು. ಹವಾಲ್ದಾರರನ್ನಾಗಲಿ ಸುಬೇದಾರರನ್ನಾಗಲಿ ಹಾಗೆ ಯಾರೂ ಕರೆದು ಹುದ್ದೆ ಕೊಡುವುದಿಲ್ಲ. ನಲವತ್ತು-ಐವತ್ತರ ನಡುವೆ ಹೊರಬರುವ ಅವರ ಮುಂದೆ ಇನ್ನೂ ಹಲವು ವರ್ಷಗಳ ದುಡಿಮೆ ಇರುತ್ತದೆ. ಅದಕ್ಕಾಗಿಯೇ ಇಂಥ ತರಬೇತಿ ಚೆನ್ನಾಗಿರಬೇಕೆಂದು ನಾನು ಬಯಸುವುದು.

ತೋಟ ನೋಡಿಕೊಂಡು ಕುಶಾಲನಗರದಲ್ಲೋ ಮೈಸೂರಿನಲ್ಲೋ ಮೇಲ್ವಿಚಾರಣೆಯ ಕೆಲಸ ಸಾಕು ಎನ್ನುವವರು ಇದಕ್ಕೆ ಸೇರಬೇಕಾಗಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಆಡಳಿತ, ಲಾಜಿಸ್ಟಿಕ್ಸ್ ಅಥವಾ ಸುರಕ್ಷತಾ ವಿಭಾಗಕ್ಕೆ ಪ್ರಯತ್ನಿಸುವವರು ಡಿಜಿಆರ್ ಕೋರ್ಸ್ ಮುಗಿಸಿ, ಮೊದಲ ಸಂದರ್ಶನಕ್ಕೆ ಕರೆ ಬರುವ ಮುನ್ನ, ಅಣಕು ಸಂದರ್ಶನ ಮತ್ತು ಸಂಬಳದ ಪಾಠಗಳಿಗೆ ಮಾತ್ರ ಸೇರುವುದು ಒಳ್ಳೆಯದು. ಅವೆರಡನ್ನು ಅರ್ಧಕ್ಕಿಂತ ಕಡಿಮೆ ಶುಲ್ಕಕ್ಕೆ ಪ್ರತ್ಯೇಕವಾಗಿ ಕೊಡುತ್ತಾರೆ. ಕರಪತ್ರದಲ್ಲಿ ಈ ವಿಷಯ ಇಲ್ಲದಿರುವುದರಿಂದ ಫೋನ್ ಮಾಡಿದಾಗ ಸ್ಪಷ್ಟವಾಗಿ ಕೇಳಬೇಕು.