ತೊಗರಿ ರಾಶಿ ಕಾಲದ ಸೀನಿಗೆ ಮೂಗಿನ ಸ್ಪ್ರೇ: ಯಾವುದು, ಹೇಗೆ

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿಯಲ್ಲಿ ಸೀನೂ ಶುರು. ರಾಶಿಯ ದೂಳು, ದಾಲ್ ಮಿಲ್ಲಿನ ಹೊಟ್ಟು, ಅದಕ್ಕೂ ಮೊದಲು ಕಾಂಗ್ರೆಸ್ ಕಸದ ಪರಾಗ. ಅಲರ್ಜಿಯಿಂದ ಕಟ್ಟಿದ ಮೂಗಿಗೆ ಸೆಟ್ರಿಜಿನ್ ಮಾತ್ರೆಗಿಂತ ಸ್ಟೀರಾಯ್ಡ್ ಸ್ಪ್ರೇ ಮೇಲು.

ಔಷಧಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವವು ಮೂರು. ಫ್ಲೂಟಿಕಾಸೋನ್ ಪ್ರೊಪಿಯೊನೇಟ್ (ಫ್ಲೋಮಿಸ್ಟ್) ಮತ್ತು ಮೊಮೆಟಾಸೋನ್ (ಮೆಟಾಸ್ಪ್ರೇ) ಒಂದು ಒತ್ತಿಗೆ 50 ಮೈಕ್ರೋಗ್ರಾಂ. ಫ್ಲೂಟಿಕಾಸೋನ್ ಫ್ಯೂರೋಯೇಟ್ (ಅವಾಮಿಸ್) 27.5. ಗುಣದಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ಫರಕಿಲ್ಲ. ಪ್ರೊಪಿಯೊನೇಟಿಗೆ ಸಾಮಾನ್ಯವಾಗಿ ಗುಲಾಬಿಯಂಥ ವಾಸನೆ ಇರುತ್ತದೆ. ವಾಸನೆಗೇ ಸೀನು ಬರುವವರು ಅವಾಮಿಸ್ ಕೇಳಬಹುದು. ಸ್ಟೀರಾಯ್ಡ್ ಎಂದು ಹೆದರುವವರಿಗೆ: ಈ ಮೂರರಲ್ಲೂ ರಕ್ತಕ್ಕೆ ಸೇರುವುದು ಶೇ 2ಕ್ಕಿಂತ ಕಡಿಮೆ.

"ಕೆಲಸ ಮಾಡಲಿಲ್ಲ" ಎನ್ನುವವರಲ್ಲಿ ಬಹಳ ಜನ ಮೂರನೇ ದಿನಕ್ಕೇ ಬಿಟ್ಟಿರುತ್ತಾರೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನವೂ ಹಾಕಬೇಕು. ಸ್ಟೀರಾಯ್ಡ್ ಅಲ್ಲದ ಇನ್ನೊಂದು ಬಗೆಯ ಸ್ಪ್ರೇ ಆಟ್ರಿವಿನ್ ಹಾಗಲ್ಲ, ಐದೇ ನಿಮಿಷದಲ್ಲಿ ಮೂಗು ಬಿಡಿಸುತ್ತದೆ. ಆದರೆ ಐದು ದಿನ ದಾಟಿಸಿದರೆ ಅದೇ ಮೂಗು ಕಟ್ಟಿಸತೊಡಗುತ್ತದೆ. ಎರಡನ್ನೂ ಒಂದೇ ಎಂದುಕೊಳ್ಳುವುದೇ ದೊಡ್ಡ ತಪ್ಪು.

ಇನ್ನೊಂದು ತಪ್ಪು ಕೈಯದು. ನಳಿಕೆ ಮೂಗಿನ ನಡುಗೋಡೆಗೆ ತಾಗಿದರೆ ಔಷಧ ಅಲ್ಲೇ ಬಿದ್ದು ಚರ್ಮ ಒಣಗಿ ರಕ್ತ ಬರುತ್ತದೆ. ಅದಕ್ಕೇ ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ: ನಳಿಕೆಯ ತುದಿ ತಾನಾಗಿ ಕಿವಿಯ ಕಡೆ ತಿರುಗುತ್ತದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ, ಹಿಂದಕ್ಕಲ್ಲ. ಒತ್ತುವಾಗ ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಗಂಟಲಿಗಿಳಿದು ಕಹಿಯಾಗುತ್ತದೆ, ಮೂಗಿಗೆ ಏನೂ ಉಳಿಯುವುದಿಲ್ಲ. ಸಿಂಬಳ ಇದ್ದರೆ ಮೊದಲು ಉಪ್ಪುನೀರಿನ ಸ್ಪ್ರೇಯಿಂದ ತೊಳೆದು ಹತ್ತು ನಿಮಿಷ ಬಿಟ್ಟು ಹಾಕಿ.

ಹೊಸ ಬಾಟಲಿಯನ್ನು ಅಲ್ಲಾಡಿಸಿ ಗಾಳಿಗೆ ಒತ್ತಬೇಕು: ಪ್ರೊಪಿಯೊನೇಟ್ 6 ಸಲ, ಮೊಮೆಟಾಸೋನ್ 10 ಸಲ, ಸಣ್ಣ ಮಂಜು ಬರುವವರೆಗೆ. ವಾರ ಬಿಟ್ಟಿದ್ದರೆ ಮತ್ತೆ ಒತ್ತಿ ನೋಡಬೇಕು. ದೊಡ್ಡವರಿಗೆ ಸಾಮಾನ್ಯ ಪ್ರಮಾಣ ದಿನಕ್ಕೊಮ್ಮೆ, ಹೊಳ್ಳೆಗೆ ಎರಡೆರಡು. ಹತೋಟಿಗೆ ಬಂದ ಮೇಲೆ ಒಂದೊಂದು. 120 ಒತ್ತಿನ ಬಾಟಲಿ ದಿನಕ್ಕೆ ನಾಲ್ಕರಂತೆ ಒಂದು ತಿಂಗಳು. ಆಮೇಲೂ ಮಂಜು ಬರಬಹುದು, ಔಷಧದ ಅಳತೆ ಸರಿಯಿರುವುದಿಲ್ಲ. ರಾಶಿಗೆ ಎರಡು ವಾರ ಮೊದಲೇ ಶುರು ಮಾಡಿದರೆ ಒಳ್ಳೆಯದು.

ವೈದ್ಯರ ಚೀಟಿ ಬೇಕೇ ಬೇಕು. ಗ್ಲಾಕೋಮಾ, ಕಣ್ಣಿನ ಪೊರೆ ಇದ್ದವರು, ಇತ್ತೀಚೆಗೆ ಮೂಗಿನ ಆಪರೇಷನ್ ಆದವರು ಮೊದಲೇ ಹೇಳಬೇಕು; ತಿಂಗಳುಗಟ್ಟಲೆ ಹಾಕುವ ಮಕ್ಕಳ ಎತ್ತರ ಅಳೆಯುತ್ತಿರಬೇಕು. ಏಪ್ರಿಲ್ ಬಿಸಿಲಲ್ಲಿ ಬಾಟಲಿಯನ್ನು ಗಾಡಿ ಡಿಕ್ಕಿಯಲ್ಲಿ ಬಿಡಬೇಡಿ, 30 ಡಿಗ್ರಿಯೊಳಗೆ ಇರಬೇಕು. ಹಾಗೆಂದು ಫ್ರೀಜರಿಗೂ ಹಾಕಬೇಡಿ.